ತಾರಾಬಾಯಿಯ ಮನಸ್ಸಿಗೆ ಬಾರದವರು

ತಾರಾಬಾಯಿ ತೀರಿಕೊಂಡು ಹದಿನಾಲ್ಕು ದಿನಗಳಾಗಿದ್ದವು. ನರ್ಮದಾ ಅಂದೂ ಶಾಲೆಯ ಪಾಠ ಹೇಳಿ ಮುಗಿಸಿ ನೇರವಾಗಿ ಅವರ ಮನೆಗೇ ಹೋದಳು. ಹೋಗಬೇಕು ಎಂದು ಹೋದದ್ದಲ್ಲ. ಲಕ್ಷ್ಮೇಶ್ವರದ ಹೆಣ್ಣುಮಕ್ಕಳ ಶಾಲೆಯಿಂದ ಹೊರಬಿದ್ದರೆ ಕಾಲು ಆ ಓಣಿಗೇ ತಿರುಗುತ್ತಿತ್ತು. ಏಳು ವರ್ಷದ ರೂಢಿ. ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಕೂತಳು. ಎದುರಿನ ಗೋಡೆಯ ಸುಣ್ಣ ಒಂದು ಕಡೆ ಪದರುಬಿಟ್ಟಿತ್ತು. ಅದನ್ನು ನೋಡುತ್ತ ಕೂತಳು. ಅಳು ಬರಲಿಲ್ಲ. ಹದಿನಾಲ್ಕು ದಿನವೂ ಬಂದಿರಲಿಲ್ಲ. ಹಸಿವೆ ಆಗುತ್ತಿತ್ತು, ನಿದ್ದೆ ಬರುತ್ತಿತ್ತು, ಮಕ್ಕಳ ಪಾಟಿ ತಿದ್ದುವುದಾಗುತ್ತಿತ್ತು. ಅಳುವುದೊಂದು ಆಗುತ್ತಿರಲಿಲ್ಲ.

ಊರಿಗೆ ತಾರಾಬಾಯಿ ಯಾರೆಂದು ಹೇಳಬೇಕಾದ್ದಿರಲಿಲ್ಲ. ಗಂಡ ಗುರುರಾಜರದು ತಲೆತಲಾಂತರದಿಂದ ಬಂದ ಗುಡಿಯ ಪೂಜೆ. ತಾರಾಬಾಯಿಯದು ಹೆಣ್ಣು ನೋಡುವ ಕೆಲಸ. ಅದನ್ನು ಕೆಲಸವೆಂದು ಯಾರೂ ಕರೆಯುತ್ತಿರಲಿಲ್ಲ. ಆದರೆ ಲಕ್ಷ್ಮೇಶ್ವರ, ಶಿರಹಟ್ಟಿ, ಗದಗ, ಮುಂಡರಗಿಯ ಬ್ರಾಹ್ಮಣರ ಮನೆಗಳಲ್ಲಿ ಗಂಡುಮಗನಿಗೆ ಹೆಣ್ಣು ನೋಡಲು ಹೊರಟರೆ ಗಾಡಿಯಲ್ಲಿ ತಾರಾಬಾಯಿಗೊಂದು ಜಾಗ ಇರುತ್ತಿತ್ತು. ಕುಂಡಲಿ ಕೂಡಿಸುವುದು ಗಂಡಸರ ಪಾಲು, ಕೊಡುವ ಬಿಡುವ ಮಾತು ಹಿರಿಯರ ಪಾಲು. ತಾರಾಬಾಯಿ ಹೋಗಿ ಒಂದು ಗಳಿಗೆ ಕೂತು ಬಂದು, "ಆಗಬಹುದು" ಅಥವಾ "ಬ್ಯಾಡ" ಎಂದರೆ ಮುಗಿಯಿತು. ಹಾಗೆ ಅವರು ಆರಿಸಿ ತಂದ ಸೊಸೆಯರು ಒಂಬತ್ತು ಮಂದಿ. ಬೇಡವೆಂದವರ ಲೆಕ್ಕ ಯಾರೂ ಇಟ್ಟಿರಲಿಲ್ಲ.

ಆ ಲೆಕ್ಕವಿಲ್ಲದವರಲ್ಲಿ ನರ್ಮದಾ ಒಬ್ಬಳು.

ಅದು ಸ್ವಾತಂತ್ರ್ಯ ಬರುವುದಕ್ಕೆ ಮೂರು ವರ್ಷ ಮೊದಲಿನ ಮಾತು. ನರ್ಮದಾಳ ತಂದೆ ಮುಂಡರಗಿಯ ಕಚೇರಿಯಲ್ಲಿ ಕಾರಕೂನರು. ಲಕ್ಷ್ಮೇಶ್ವರದಿಂದ ತಾರಾಬಾಯಿ ತಮ್ಮ ಮೈದುನ ನರಸಿಂಹನಿಗೆ ಹೆಣ್ಣು ನೋಡಲು ಬಂದರು. ಜಮಖಾನೆಯ ಮೇಲೆ ಕೂಡ್ರುವುದಕ್ಕೂ ಮುಂಚೆ, "ಒಂದೀಟು ನೀರು ಕೊಡವಾ, ಗಾಡ್ಯಾಗ ಬಾಯಿ ಆರಿಬಿಡ್ತು" ಅಂದರು. ನರ್ಮದಾ ತಂಬಿಗೆ ತಂದುಕೊಟ್ಟಳು. ತಾರಾಬಾಯಿ ಕುಡಿದರು. ಆಮೇಲೆ ಅವಲಕ್ಕಿ ತಿಂದರು, ಹಾಡು ಹೇಳಿಸಿದರು, ರಂಗೋಲಿ ಹಾಕಿಸಿದರು, ಬಹಳ ಪ್ರೀತಿಯಿಂದ ಮಾತಾಡಿದರು. ನಾಲ್ಕನೆಯ ದಿನ ಬೇಡವೆಂದು ಖಬರು ಬಂತು. ಯಾಕೆ ಎಂದು ಹೇಳಿ ಕಳಿಸುವ ಪದ್ಧತಿ ಇರಲಿಲ್ಲ. ಕೇಳುವ ಪದ್ಧತಿಯೂ ಇರಲಿಲ್ಲ. ತಾಯಿ ಮಗಳ ಬಣ್ಣವನ್ನು ಬೈದಳು, ತಂದೆ ತಮ್ಮ ನಸೀಬವನ್ನು ಬೈದುಕೊಂಡರು. ನರ್ಮದಾ ಮಾತ್ರ ಆ ಮಧ್ಯಾಹ್ನವನ್ನು ಮೊದಲಿನಿಂದ ಕೊನೆಯವರೆಗೆ ನೂರು ಸಲ ಬಿಚ್ಚಿ ಮಡಿಚಿಟ್ಟಳು. ಹಾಡಿನಲ್ಲಿ ಎಲ್ಲಿ ತಪ್ಪಿದೆ? ರಂಗೋಲಿಯ ಎಳೆ ದಪ್ಪವಾಯಿತೆ? ತಾನು ಕಡಿಮೆ ಬಿದ್ದದ್ದು ಯಾವುದರಲ್ಲಿ ಎಂಬುದು ಗೊತ್ತಾಗಿಬಿಟ್ಟರೆ ಸಾಕಿತ್ತು.

ಮುಂದೆ ಇನ್ನೂ ಎರಡು ಕಡೆಯವರು ಬಂದು ಹೋದರು. ತಂದೆ ತೀರಿಕೊಂಡರು. ನರ್ಮದಾ ಧಾರವಾಡಕ್ಕೆ ಹೋಗಿ ಶಿಕ್ಷಕಿಯ ತರಬೇತಿ ಮುಗಿಸಿದಳು. ಸಂಸ್ಥಾನಗಳು ವಿಲೀನವಾಗಿ ಲಕ್ಷ್ಮೇಶ್ವರ ಮುಂಬಯಿ ಸರಕಾರದ ಕೆಳಗೆ ಬಂದ ಮರುವರ್ಷ ಅವಳಿಗೆ ಸಿಕ್ಕ ಶಿಕ್ಷಕಿ ಕೆಲಸದ ನೇಮಣೂಕಿಯೂ ಅದೇ ಊರಿನದು. ಒಂಟಿ ಹೆಣ್ಣುಮಗಳಿಗೆ ಬಾಡಿಗೆಗೆ ಖೋಲಿ ಕೊಡುವವರು ಯಾರಿದ್ದಾರೆ ಎಂದು ವಿಚಾರಿಸಿದರೆ ಎಲ್ಲರೂ ಪೂಜಾರ ಗುರುರಾಜರ ಮನೆ ತೋರಿಸಿದರು. ಬಾಗಿಲು ತೆರೆದವರು ತಾರಾಬಾಯಿಯೇ.

"ನೀವು ಮುಂಡರಗಿ ಕಾರಕೂನರ ಮಗಳಲ್ಲ?"

"ಹೌದ್ರಿ."

"ನಿಮ್ಮನ್ನ ಬ್ಯಾಡ ಅಂದವಳು ನಾನs."

"ಗೊತ್ತದರಿ."

"ಸಿಟ್ಟದ ಏನು?"

"ಇತ್ತ್ರಿ. ಈಗ ಖೋಲಿ ಬೇಕಾಗ್ಯದ."

ತಾರಾಬಾಯಿ ಬಾಯಿಗೆ ಸೆರಗು ಹಿಡಿದು ನಕ್ಕರು. "ಬರ್ರಿ ಅಕ್ಕೋರ, ಒಳಗ ಬರ್ರಿ. ಮೈದುನನ ಹೇಂತಿ ಆಗಿದ್ರ ಇಷ್ಟೊತ್ತಿಗೆ ಬ್ಯಾರೆ ಒಲಿ ಹೂಡಿ ನನ್ನ ಜೋಡಿ ಮಾತು ಬಿಟ್ಟಿರತಿದ್ರಿ. ಈಗಿನಾಕಿ ಹಂಗs ಮಾಡ್ಯಾಳ."

ಹಿತ್ತಲ ಕಡೆಯ ಖೋಲಿ ಸಿಕ್ಕಿತು. ಎರಡು ವರ್ಷದ ಮೇಲೆ ನರ್ಮದಾ ಶಾಲೆಯ ಹತ್ತಿರ ಬೇರೆ ಖೋಲಿ ಮಾಡಿಕೊಂಡಳು. ಆದರೂ ಸಂಜೆಯ ಚಹಾ ಇಲ್ಲಿಯೇ. ತಾರಾಬಾಯಿ ಬತ್ತಿ ಹೊಸೆಯುತ್ತಿದ್ದರು, ನರ್ಮದಾ ವಾಚನಾಲಯದ ಪುಸ್ತಕ ಓದಿ ಹೇಳುತ್ತಿದ್ದಳು. ನಡುನಡುವೆ ಹಳೆಯ ಪ್ರಶ್ನೆ ಕೇಳುತ್ತಿದ್ದಳು. "ಖರೆ ಹೇಳ್ರಿ, ಯಾಕ ಬ್ಯಾಡ ಅಂದ್ರಿ?" ತಾರಾಬಾಯಿ ಒಮ್ಮೆ, "ನೀವು ಎತ್ತರ ಆದ್ರಿ" ಎನ್ನುತ್ತಿದ್ದರು. ಇನ್ನೊಮ್ಮೆ, "ನಿಮ್ಮ ನಡಿಗಿ ಗಂಡಸರ ನಡಿಗಿ" ಎನ್ನುತ್ತಿದ್ದರು. ಮೂರನೆಯ ಸಲ ಕೇಳಿದರೆ, "ನನಗೇನು ಗೊತ್ತs ಅಕ್ಕೋರ, ಆವತ್ತು ಮನಸು ಬ್ಯಾಡ ಅಂತು. ಮಂದಿ ಕಾರಣ ಕೇಳ್ತಾರಂತ ದಾರ್ಯಾಗ ಕೂತು ಕಾರಣ ಹುಡುಕತಿದ್ದೆ" ಎಂದುಬಿಟ್ಟರು. ತರಬೇತಿಯಲ್ಲಿ ಓದಿದ ಮನಃಶಾಸ್ತ್ರದ ಪಾಠದಲ್ಲೂ ಇದೇ ಇತ್ತು. ಮನುಷ್ಯ ಮೊದಲು ಆರಿಸುತ್ತಾನೆ, ಕಾರಣವನ್ನು ಆಮೇಲೆ ಹೊಲಿದುಕೊಳ್ಳುತ್ತಾನೆ ಎಂದು. ಓದಿದಾಗ ನರ್ಮದಾ ಅದನ್ನು ಬಾಯಿಪಾಠ ಮಾಡಿದ್ದಳು. ಅದು ತನ್ನದೇ ಕತೆಯೆಂದು ತಿಳಿದಿರಲಿಲ್ಲ.

ಕಾರಣ ತಾನಾಗಿ ಹೊರಬಿದ್ದದ್ದು ಐವತ್ಮೂರನೆಯ ಇಸವಿಯ ಚೈತ್ರದಲ್ಲಿ. ಆ ವರ್ಷ ತಾರಾಬಾಯಿ ಚೈತ್ರಗೌರಿಯ ಅರಿಷಿಣ-ಕುಂಕುಮಕ್ಕೆ ತಾವು ಆರಿಸಿದ ಸೊಸೆಯರನ್ನೆಲ್ಲ ಕರೆಸಿದರು. ಒಂಬತ್ತರಲ್ಲಿ ಒಬ್ಬಳು ಹೆರಿಗೆಯಲ್ಲಿ ತೀರಿಕೊಂಡಿದ್ದಳು, ಒಬ್ಬಳು ಗಂಡನನ್ನು ಬಿಟ್ಟು ತವರು ಸೇರಿದ್ದಳು. ಉಳಿದ ಏಳೂ ಮಂದಿ ಬಂದರು. ಮಾತು ಬಿಟ್ಟಿದ್ದ ನರಸಿಂಹನ ಹೆಂಡತಿಯೂ ಬಂದಳು. ಕೋಸಂಬರಿ, ಪಾನಕ ಆಯಿತು. ಪಡಸಾಲೆಯ ತುದಿಯಲ್ಲಿ ಬಳೆಗಾರ್ತಿ ದಿಲಶಾದಬಿ ತನ್ನ ಬಳೆಯ ಮಲಾರ ಬಿಚ್ಚಿಕೊಂಡು ಕೂತಿದ್ದಳು. ಇಷ್ಟು ಮಂದಿ ಬರುತ್ತಾರೆಂದು ಸಣ್ಣ, ನಡುವಿನ, ದೊಡ್ಡ ಅಳತೆಯ ಹಸಿರು ಬಳೆಗಳನ್ನು ಬೇರೆ ಬೇರೆ ಸರ ಮಾಡಿ ತಂದಿದ್ದಳು. ಒಬ್ಬೊಬ್ಬರ ಕೈ ಹಿಡಿದು, ಹೆಬ್ಬೆರಳ ಬುಡ ಒತ್ತಿ, ಬಳೆ ಏರಿಸುತ್ತ ಹೋದಳು. ಐದನೆಯವಳ ಹೊತ್ತಿಗೆ ಸಣ್ಣ ಅಳತೆಯ ಸರ ಮುಗಿಯಲು ಬಂತು. ಉಳಿದವು ಕಟ್ಟಿದಂತೆಯೇ ಇದ್ದವು.

"ಇದೇನ್ರಿ ಬಾಯಾರ!" ದಿಲಶಾದಬಿ ದನಿ ಏರಿಸಿ ಅಂದಳು. "ಎಲ್ಲಾರ ಕೈನೂ ಒಂದs ಎರಕದಾಗ ಹೊಯ್ದಾಂಗ ಅದಾವಲ್ರಿ! ಕಣ್ಣು ಮುಚ್ಚಿ ಹಿಡಿದ್ರ ಯಾರ ಕೈ ಯಾವುದು ಅನ್ನೂದs ತಿಳೀಯಂಗಿಲ್ಲ. ಒಬ್ಬಾಕಿ ಹೊಟ್ಟ್ಯಾಗ ಹುಟ್ಯಾರೇನ್ರಿ ಇವರು?"

ಹೆಣ್ಣುಮಕ್ಕಳು ನಕ್ಕು ತಮ್ಮ ತಮ್ಮ ಕೈ ಮುಂದೆ ಚಾಚಿ ಒಂದಕ್ಕೊಂದು ಹೋಲಿಸಿದರು. ಖರೆ. ಏಳೂ ಮಂದಿಯದು ಸಣ್ಣ ಅಂಗೈ, ತೆಳು ಮಣಿಕಟ್ಟು, ತುದಿಗೆ ಚೂಪಾಗುವ ಬೆರಳು. ಮುಖ ಒಬ್ಬೊಬ್ಬರದು ಒಂದೊಂದು ತರ, ಬಣ್ಣ ಬೇರೆ, ಎತ್ತರ ಬೇರೆ. ಕೈ ಮಾತ್ರ ಒಂದೇ.

"ದೊಡ್ಡವು ಸುಮ್ನ ಹೊತ್ಕೊಂಡು ಬಂದ್ನಿ ನೋಡ್ರಿ" ಎಂದು ದಿಲಶಾದಬಿ ಸುತ್ತ ನೋಡಿ ನರ್ಮದಾಳನ್ನು ಹಿಡಿದಳು. "ಬರ್ರಿ ಅಕ್ಕೋರ, ಕುಂಡ್ರಿ. ನಿಮ್ಮ ಪುಣ್ಯೇದಿಂದ ಒಂದು ಡಜನ್ನರೆ ನನ್ನ ಹೆಗಲು ಹಗರ ಆಗ್ಲಿ. ಪೆಟ್ಟು ಹಾಕೋ ಕೈ ಅಂದ್ರ ಇದು! ಸಾಲಿ ಹುಡುಗ್ಯಾರು ಹೆಂಗ ತಡಕೋತಾರೊ ಏನೊ."

ಮತ್ತೊಮ್ಮೆ ನಗೆ. ನರ್ಮದಾ ತನ್ನ ಅಗಲವಾದ, ಎಲುಬು ಕಾಣುವ ಕೈಯನ್ನು ಅವಳ ತೊಡೆಯ ಮೇಲೆ ಇಟ್ಟಳು. ಮುಂಡರಗಿಯ ತಂಬಿಗೆ, ಅದನ್ನು ಹಿಡಿದ ಈ ಕೈ ನೆನಪಾಯಿತು. ಹಾಡಲ್ಲ, ರಂಗೋಲಿಯಲ್ಲ. ಕೂಡ್ರುವುದಕ್ಕೆ ಮೊದಲೇ ಎಲ್ಲ ಮುಗಿದುಹೋಗಿತ್ತು. ತಲೆಯೆತ್ತಿ ನೋಡಿದರೆ ತಾರಾಬಾಯಿ ನಗುತ್ತಿರಲಿಲ್ಲ. ಪಾನಕದ ಪಾತ್ರೆಯ ಹತ್ತಿರ ಸೌಟು ಹಿಡಿದು ನಿಂತವರು ಹಾಗೇ ನಿಂತಿದ್ದರು.

ಎಲ್ಲರೂ ಹೋದ ಮೇಲೆ ಇಬ್ಬರೇ ಕೂತಾಗ ತಾರಾಬಾಯಿ ಹೇಳಿದರು. "ನಮ್ಮವ್ವ ಪ್ಲೇಗಿನ್ಯಾಗ ಹೋದಾಗ ನನಗ ಮೂರು ವರ್ಷ. ಆಕಿ ಮಾರಿ ನೆನಪಿಲ್ಲ. ದನಿ ನೆನಪಿಲ್ಲ. ನನ್ನ ಬೊಗಸ್ಯಾಗ ತಿನ್ನಾಕ ಪುಟಾಣಿ ಹಾಕೋ ಒಂದು ಕೈ ಅಷ್ಟ ನೆನಪದ." ಬತ್ತಿಯ ಹತ್ತಿಯನ್ನು ಬೆರಳಲ್ಲಿ ಎಳೆದರು. "ಇವತ್ತಿನ ತನಕಾ ನಾ ಮನಿತನ ನೋಡ್ತೇನಿ, ಗುಣ ನೋಡ್ತೇನಿ ಅಂತ ತಿಳಕೊಂಡಿದ್ದೆ. ಅಕ್ಕೋರ, ಮಂದಿ ಸಂಸಾರದಾಗ ಹೊಕ್ಕು ನಾ ನನ್ನವ್ವನ್ನ ಹುಡುಕ್ಯಾಡೇನಿ."

ನರ್ಮದಾಳಿಗೆ ಹಗುರವಾಗಬೇಕಿತ್ತು. ಒಂಬತ್ತು ವರ್ಷ ಹುಡುಕಿದ ತಪ್ಪು ತನ್ನಲ್ಲಿ ಇರಲೇ ಇಲ್ಲ. ಆದರೆ ಹಗುರವೂ ಆಗಲಿಲ್ಲ, ಸಿಟ್ಟೂ ಬರಲಿಲ್ಲ. "ಹಂಗಾದ್ರ ನಾನು ಹೆಂಗ ಸೇರಿದೆ ನಿಮಗ?" ಎಂದು ಕೇಳಿದಳು.

"ನೀವೆಲ್ಲಿ ಸೇರಿದ್ರಿ? ದಿನಾ ಬಂದ್ರಿ" ಅಂದರು ತಾರಾಬಾಯಿ. "ಮೊದಲನೇ ವರ್ಷ ನೀವು ಬರೂ ಹೊತ್ತಿಗೆ, ಇನ್ನ ಪುರಾಣ ಸುರು ಆತು ಅಂತಿದ್ದೆ. ಎರಡನೇ ವರ್ಷ ತಡಾ ಮಾಡಿದ್ರ ಬಾಗಿಲ ಕಡೆ ನೋಡಾಕ ಹತ್ತಿದೆ. ಯಾವಾಗ ಸೇರಿದ್ರೊ ನನಗ ಗೊತ್ತಿಲ್ಲ."

ಅಂದಿನಿಂದ ತಾರಾಬಾಯಿ ಹೆಣ್ಣು ನೋಡಲು ಹೋಗುವುದನ್ನು ನಿಲ್ಲಿಸಿದರು. ಕರೆಯಲು ಬಂದವರಿಗೆ ಮೊಣಕಾಲು ನೋವೆಂದು ಹೇಳಿ ಕಳಿಸಿದರು. ಆದರೆ ಒಂದು ಮನೆಯಿಂದ ಮಾತ್ರ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ತಮ್ಮ ಒಬ್ಬನೇ ಮಗ ಮಾರ್ತಾಂಡನಿಗೆ ಇಪ್ಪತ್ನಾಲ್ಕು ವರ್ಷ ತುಂಬಿತ್ತು. ತಾಲೂಕು ಕಚೇರಿಯಲ್ಲಿ ಕೆಲಸ ಕಾಯಂ ಆಗಿತ್ತು. ಮಗನ ಬಾಳಿಗೆ ತಾವು ಯಾವ ಕಣ್ಣಿನಿಂದ ಹೆಣ್ಣು ನೋಡಬೇಕು ಎಂಬುದು ಅವರನ್ನು ಆ ವರ್ಷವೆಲ್ಲ ತಿಂದಿತು. ಒಂಬತ್ತು ಸಂಸಾರಗಳನ್ನು ಒಂದೊಂದಾಗಿ ಎತ್ತಿ ನರ್ಮದಾಳ ಮುಂದೆ ಇಡುತ್ತಿದ್ದರು. ಯಾವುದೂ ಬೇರೆಯವರು ಆರಿಸಿದ ಸಂಸಾರಕ್ಕಿಂತ ಮೇಲಾಗಿರಲಿಲ್ಲ, ಕೆಳಗೂ ಆಗಿರಲಿಲ್ಲ. "ಕಣ್ಣು ಮುಚ್ಚಿ ಆರಿಸಿದ್ರೂ ಇಷ್ಟs ಆಗತಿತ್ತು" ಎನ್ನುತ್ತಿದ್ದರು.

ಐವತ್ನಾಲ್ಕರಲ್ಲಿ ಎರಡು ಕಡೆ ಹೆಣ್ಣು ನೋಡಿದರು. ಮಾರ್ತಾಂಡನನ್ನೂ ನರ್ಮದಾಳನ್ನೂ ಜೊತೆಗೆ ಕರೆದೊಯ್ದರು. ಮೊದಲನೆಯದು ಬೆಟಗೇರಿಯಲ್ಲಿ. ಹುಡುಗಿ ನೀರು ತಂದಳು. ಕೈ ಅದೇ ಕೈ. ತಂಬಿಗೆ ತೆಗೆದುಕೊಳ್ಳುವಾಗ ತಾರಾಬಾಯಿಯ ಮುಖ ಮೆತ್ತಗಾದದ್ದನ್ನು ನರ್ಮದಾ ಕಂಡಳು. ನೀರು ಕುಡಿದು ಮುಗಿಯುವವರೆಗೆ ಅವರು ಆ ಕೈಯನ್ನೇ ನೋಡಿದರು. ಆಮೇಲೆ ಕಷ್ಟಪಟ್ಟು ಕಣ್ಣನ್ನು ಬೇರೆ ಕಡೆ ತಿರುಗಿಸಿದರು.

ಎರಡನೆಯದು ಹಿರೇಹಂದಿಗೋಳದಲ್ಲಿ, ಅಲ್ಲಿಯ ಶಾಲಾ ಮಾಸ್ತರರ ಮಗಳು ಜಾನಕಿ. ನೀರು ತಂದದ್ದು ದೊಡ್ಡ ಕೈ, ಹಿತ್ತಲಲ್ಲಿ ಮಣ್ಣು ಕೆದರಿ ಒರಟಾದದ್ದು; ನೀರು ಒಂದಿಷ್ಟು ತಾರಾಬಾಯಿಯ ಸೀರೆಯ ಮೇಲೂ ಚೆಲ್ಲಿತು. ಹಾಡು ಬರುವುದಿಲ್ಲ ಎಂದಳು. ಆಮೇಲೆ ತಲೆಯೆತ್ತಿ ನೇರವಾಗಿ ಮಾರ್ತಾಂಡನನ್ನೇ ಕೇಳಿದಳು: "ನಿಮ್ಮ ಊರ ವಾಚನಾಲಯದಾಗ ಹೆಂಗಸರಿಗೆ ಪುಸ್ತಕ ಕೊಡತಾರೇನ್ರಿ?"

ಅವಳ ತಂದೆ ಕೆಮ್ಮಿದರು. ಮಾರ್ತಾಂಡ ಗಲಿಬಿಲಿಗೊಂಡು, "ಕೊಡತಾರ್ರಿ. ನಮ್ಮ ಮನಿಗೆ ಒಬ್ಬರು ಅಕ್ಕೋರು ದಿನಾ ತರತಾರ" ಎಂದು ನರ್ಮದಾಳ ಕಡೆ ಕೈ ಮಾಡಿದ.

ಮನೆ ಮುಟ್ಟಿದ ಮೇಲೆ ತಾರಾಬಾಯಿ, ಇಷ್ಟು ವರ್ಷಗಳಲ್ಲಿ ಯಾವ ಮನೆಯಲ್ಲೂ ಕೇಳದ ಮಾತನ್ನು ಕೇಳಿದರು. "ಮಾರ್ತಾಂಡ, ನಿನಗ ಯಾರು ಸೇರಿದ್ರು?"

"ನೀ ನೋಡಿದ್ದs ನೋಡಿದ್ದವ್ವಾ. ನನ್ನೇನು ಕೇಳ್ತಿ?"

"ಕೇಳೇನಲ್ಲ, ಹೇಳು."

ಅವನು ಚಪ್ಪಲಿಯ ಬಾರು ನೋಡುತ್ತ, "ಹಂದಿಗೋಳದಾಕಿ ನನ್ನ ಜೋಡಿ ಮಾತಾಡಿದ್ಲು" ಎಂದ.

"ಆತು" ಅಂದರು ತಾರಾಬಾಯಿ.

ಮದುವೆಯಾಗಿ ಜಾನಕಿ ಮನೆಗೆ ಬಂದಳು. ಮಾರ್ತಾಂಡ ಮತ್ತು ಅವಳು ಚೆನ್ನಾಗಿದ್ದರು. ಊಟ ಬಡಿಸುವಾಗಲೂ ಅವರ ಮಾತು ಮುಗಿಯುತ್ತಿರಲಿಲ್ಲ. ಅತ್ತೆ ಸೊಸೆ ಜಗಳವಾಡಿದ್ದನ್ನು ಓಣಿಯವರು ಒಂದು ದಿನವೂ ಕೇಳಲಿಲ್ಲ. ಹಬ್ಬಕ್ಕೆ ತಾರಾಬಾಯಿ ತಮಗಿಂತ ಒಳ್ಳೆಯ ಸೀರೆಯನ್ನು ಸೊಸೆಗೆ ತಂದರು. ಅವಳನ್ನು ವಾಚನಾಲಯಕ್ಕೆ ಕಳಿಸಿದರು. ಹಾಲಿನ ಕೆನೆ ಮೊದಲು ಅವಳ ಬಟ್ಟಲಿಗೆ ಬೀಳುತ್ತಿತ್ತು. ಆದರೆ ದಿನಾ ಬರುವ ನರ್ಮದಾಳಿಗೆ ಕಾಣುತ್ತಿತ್ತು. ತಾರಾಬಾಯಿಯ ಕೈ ಒಮ್ಮೆಯೂ ತಾನಾಗಿ ಆ ಹುಡುಗಿಯ ತಲೆಯ ಮೇಲೆ ಹೋಗಲಿಲ್ಲ. ಜಾನಕಿ ಹತ್ತಿರ ಬಂದು ಕೂತರೆ ಅವರು ಸರಿದು ಕೂಡ್ರುತ್ತಿರಲಿಲ್ಲ. ಸರಿಯದಂತೆ ತಮ್ಮನ್ನು ಹಿಡಿದುಕೊಳ್ಳುತ್ತಿದ್ದರು. ಬೇರೆಯವರಿಗೆ ಅದು ಕಾಣುತ್ತಿರಲಿಲ್ಲ. ಜಾನಕಿಗೆ ಕಾಣುತ್ತಿತ್ತು. ಅವಳು ಇನ್ನೂ ಬೇಗ ಎದ್ದಳು, ಇನ್ನೂ ಮೆಲ್ಲಗೆ ನಡೆದಳು, ಹಾಡು ಕಲಿಯಲೂ ಹೊರಟಳು.

"ಪ್ರಯತ್ನ ಮಾಡ್ಲಿಕ್ಕೆ ಹತ್ತೇನಿ ಅಕ್ಕೋರ" ಎಂದರು ತಾರಾಬಾಯಿ ಒಂದು ಸಂಜೆ. "ಹುಡುಗಿ ಬಂಗಾರ. ಎಲ್ಲಾ ಗೊತ್ತಾಗತದ. ಒಳಗಿಂದ ಬರವಲ್ತು. ನಿಮಗ ಎಷ್ಟು ದಿನ ಹಿಡೀತು? ಆಕಿಗೂ ಹಿಡೀಲಿ."

ಐವತ್ತಾರರ ನವೆಂಬರ ಒಂದನೆಯ ತಾರೀಖು ಊರಲ್ಲಿ ಮೆರವಣಿಗೆ ಆಯಿತು. ಕನ್ನಡ ನಾಡು ಒಂದಾದ ದಿನ. ನರ್ಮದಾ ಶಾಲೆಯ ಹುಡುಗಿಯರನ್ನು ಸಾಲಾಗಿ ನಡೆಸಿಕೊಂಡು ಆ ಓಣಿಯಿಂದಲೇ ಹೋದಳು. ತಾರಾಬಾಯಿ ಕಟ್ಟೆಯ ಮೇಲೆ ನಿಂತು ಮಕ್ಕಳ ಕೈಗೆ ಸಕ್ಕರೆ ಹಾಕಿದರು. "ಮೊದಲ ಸಂಸ್ಥಾನ, ಆಮ್ಯಾಲೆ ಮುಂಬಯಿ, ಈಗ ಮೈಸೂರು" ಎಂದು ನಕ್ಕರು. "ಮೂರು ಮನಿ ಆತು ನೋಡ್ರಿ ಅಕ್ಕೋರ. ಒಂದಕ್ಕರೆ ಹೆಣ್ಣು ನೋಡಾಕ ನನ್ನ ಕರೀಲಿಲ್ಲ!" ಜಾನಕಿಯೂ ನಕ್ಕಳು. ಅತ್ತೆ ಅವಳ ಕಡೆ ತಿರುಗಿ ಅವಳ ಕೈಗೂ ಒಂದು ಚಿಟಿಕೆ ಸಕ್ಕರೆ ಹಾಕಿದರು.

ಡಿಸೆಂಬರಿನಲ್ಲಿ ಜ್ವರ ಬಂತು. ಎಂಟು ದಿನ. ಗದಗಿನಿಂದ ಡಾಕ್ಟರರನ್ನು ಕರೆಸಿದರು, ಅವರು ಎದೆಯ ಮೇಲೆ ಬೆರಳು ಬಡಿದು ನೋಡಿ ಕಫ ಇಳಿದಿದೆ ಎಂದರು. ಜಾನಕಿ ಹಗಲೂ ರಾತ್ರಿ ಹಾಸಿಗೆಯ ಪಕ್ಕದಲ್ಲಿ ಕೂತಳು. ಏಳನೆಯ ದಿನ ಮಧ್ಯಾಹ್ನ ನರ್ಮದಾ ಅಲ್ಲಿದ್ದಳು. ತಾರಾಬಾಯಿಗೆ ಪೂರ್ತಿ ಎಚ್ಚರವಿರಲಿಲ್ಲ. ಕಣ್ಣು ಮುಚ್ಚಿಯೇ, "ಕೈ ಕೊಡು" ಎಂದರು. ಜಾನಕಿ ಕೊಟ್ಟಳು. ಅವರು ಹಿಡಿದರು, ಹೆಬ್ಬೆರಳಿನಿಂದ ಆ ಅಂಗೈಯನ್ನು ಮೆಲ್ಲಗೆ ತಡವಿದರು. ಆಮೇಲೆ ಬಿಟ್ಟುಬಿಟ್ಟರು. ಮತ್ತೆ, "ಕೈ ಕೊಡು" ಎಂದರು.

ಮರುದಿನ ಬೆಳಗಿನ ಪೂಜೆಯ ಹೊತ್ತಿಗೆ ಹೋದರು.

ಪಡಸಾಲೆಯಲ್ಲಿ ಕೂತ ನರ್ಮದಾಳ ತಲೆಯಲ್ಲಿ ಇವೆಲ್ಲ ಬೇರೆ ಯಾರದೋ ಮನೆಯ ಸುದ್ದಿಯಂತೆ ಹಾದುಹೋಗುತ್ತಿದ್ದವು. ಕತ್ತಲಾಗುವುದಕ್ಕೆ ಇನ್ನೂ ಸಮಯವಿತ್ತು. ಗುರುರಾಜರು ಗುಡಿಗೆ ಹೋಗಿದ್ದರು, ಮಾರ್ತಾಂಡ ಕಚೇರಿಯಿಂದ ಬಂದಿರಲಿಲ್ಲ. ಜಾನಕಿ ಚಹಾ ತಂದಿಟ್ಟು ಎದುರಿಗೆ ಕೂತಳು.

"ಅಕ್ಕೋರ, ಒಂದು ಮಾತು ಕೇಳ್ತೇನಿ. ಖರೆ ಹೇಳ್ರಿ. ನಾ ಅತ್ತಿಯವರಿಗೆ ಸೇರಿದ್ದೆನೇನು?"

ನರ್ಮದಾ ಬಸಿಯಲ್ಲಿಯ ಚಹಾ ನೋಡಿದಳು. ಹೌದು ಎಂದು ಹೇಳುವುದು ಸುಲಭವಿತ್ತು. ಸತ್ತವರ ಮನೆಯಲ್ಲಿ ಎಲ್ಲರೂ ಹಾಗೇ ಹೇಳುತ್ತಾರೆ. ಹದಿಮೂರು ದಿನ ಬಂದು ಹೋದವರೆಲ್ಲ ಹೇಳಿಯೂ ಇದ್ದರು. ಆದರೆ ಹೌದು ಎಂದರೆ ಈ ಹುಡುಗಿ ಆ ಬಿಟ್ಟ ಕೈಯನ್ನು ತನ್ನ ತಪ್ಪೆಂದೇ ತಿಳಿದು ಬದುಕಿನುದ್ದಕ್ಕೂ ಹುಡುಕುತ್ತ ಕೂಡ್ರುತ್ತಾಳೆ. ಮುಂಡರಗಿಯವಳೊಬ್ಬಳು ಹಾಗೆ ಒಂಬತ್ತು ವರ್ಷ ಕೂತಿದ್ದಳು.

"ಇಲ್ಲ" ಎಂದಳು ನರ್ಮದಾ. "ಸೇರಿರಲಿಲ್ಲ."

ನರ್ಮದಾ ಎಲ್ಲ ಹೇಳಿದಳು. ಮುಂಡರಗಿಯ ತಂಬಿಗೆ, ಪುಟಾಣಿ ಹಾಕುವ ಕೈ, ದಿಲಶಾದಬಿಯ ಮಾತು, ಬೆಟಗೇರಿಯ ಹುಡುಗಿ. "ಆಕಿ ಅವರಿಗೆ ಸೇರಿದ್ಲು. ಸೇರಿದಾಕಿನ್ನ ಬಿಟ್ಟು ನಿನ್ನ ತಂದ್ರು. ನೀನು ಮಾರ್ತಾಂಡನ ಜೋಡಿ ಮಾತಾಡಿದಿ ಅಂತ ತಂದ್ರು. ನಿನ್ನಿಂದ ಏನೂ ಕಡಿಮಿ ಆಗಿದ್ದಿಲ್ಲ ಜಾನಕಿ. ನನಗ ವರ್ಷಗಟ್ಟಲೆ ಹಿಡೀತು. ನಿನಗ ದಿನ ಸಾಲಲಿಲ್ಲ, ಅಷ್ಟs."

"ನಾ ಏನು ತಪ್ಪು ಮಾಡ್ಲಿಕ್ಕೆ ಹತ್ತೇನಿ ಅಂತ ಎರಡೂವರಿ ವರ್ಷ ತಲಿ ಕೆಡಿಸಿಕೊಂಡೆ" ಎಂದಳು ಜಾನಕಿ. ಗೋಡೆಗೆ ತಲೆಯಾನಿಸಿ ಅತ್ತಳು. ಬಹಳ ಹೊತ್ತು ಅತ್ತಳು. ನರ್ಮದಾ ಅವಳ ಪಕ್ಕಕ್ಕೆ ಸರಿದು ಬೆನ್ನ ಮೇಲೆ ಕೈ ಇಟ್ಟು ಕೂತಳು. ತನಗೂ ಬಂದೀತೆಂದು ಕಾದಳು. ಬರಲಿಲ್ಲ.

ಕೊನೆಗೆ ಜಾನಕಿ ಮೂಗು ಒರೆಸಿಕೊಂಡು ಎದ್ದಳು. ದೀಪ ಹಚ್ಚಿದಳು. ಒಳಗೆ ಹೋಗಿ ಹಿಟ್ಟಿನ ಡಬ್ಬಿ ತೆರೆದ ಸಪ್ಪಳವಾಯಿತು.

"ಇಲ್ಲೇ ಉಣ್ರಿ ಅಕ್ಕೋರ" ಎಂದು ಅಡಿಗೆಮನೆಯಿಂದ ಕೂಗಿದಳು. "ನಾಳೆನೂ ಬರ್ತೀರಲ್ಲ?"

"ಬರ್ತೇನಿ" ಎಂದಳು ನರ್ಮದಾ.